ಸೆರಾಮಿಕ್ ಕ್ಲಚ್ ಬೇಡ ಸಾರ್, ಮೊದಲು ಬೆಲ್ ಹೌಸಿಂಗ್ ಒಳಗೆ ನೋಡೋಣ

ಪ್ರಶ್ನೆ: ನನ್ನ ಹತ್ತಿರ 2012ರ ಸ್ಕೋಡಾ ಲಾರಾ ಆರ್‌ಎಸ್ ಇದೆ. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು, ಈಗ 1,12,000 ಕಿ.ಮೀ. ಓಡಿದೆ. ಮನೆ ಮಂಡ್ಯ, ಕೆಲಸ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ. ದಿನಾ ಹೋಗಿ ಬರುವುದು ಇದರಲ್ಲೇ. ಹಿಂದಿನ ಮಾಲೀಕರು ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿ ಜೋರು ಹೆಚ್ಚಿಸುವುದು) ಮಾಡಿಸಿದ್ದಾರೆ. ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ, 320 ನ್ಯೂಟನ್ ಮೀಟರ್ ಎಂದು ಪೇಪರಿನಲ್ಲಿದೆ. ಎರಡು ತಿಂಗಳಿಂದ ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ ಮುಳ್ಳು ಮಾತ್ರ ಏರುತ್ತದೆ, ಗಾಡಿ ಏರುವುದಿಲ್ಲ. ಒಬ್ಬ ಮೆಕ್ಯಾನಿಕ್ ಸೆರಾಮಿಕ್ ಕ್ಲಚ್ ಹಾಕಿಸಿ ಅಂದರು. ಇನ್ನೊಬ್ಬರು ಡ್ಯುಯಲ್ ಮಾಸ್ ಫ್ಲೈವೀಲ್ (ಕ್ಲಚ್ ಕಚ್ಚುವ ಭಾರದ ಚಕ್ರ, ಎರಡು ತುಂಡಿನದು) ತೆಗೆದು ಸಿಂಗಲ್ ಹಾಕೋಣ, ದುಡ್ಡು ಉಳಿಯುತ್ತದೆ ಅಂದರು. ಮೂರನೆಯವರು ಬರೀ ಪ್ಲೇಟ್ ಬದಲಾಯಿಸಿದರೆ ಸಾಕು ಅಂದರು. ಹೆಂಡತಿಯೂ ವಾರಕ್ಕೆ ಎರಡು ದಿನ ಓಡಿಸುತ್ತಾಳೆ. ಯಾರ ಮಾತು ಕೇಳಲಿ?

ಉತ್ತರ: ಮೂವರಲ್ಲಿ ಯಾರ ಮಾತೂ ಪೂರ್ತಿ ಕೇಳಬೇಡಿ. ಮೂವರೂ ಗೇರ್ ಬಾಕ್ಸ್ ಇಳಿಸಿ ಬೆಲ್ ಹೌಸಿಂಗ್ (ಕ್ಲಚ್ ಕೂತಿರುವ ಗಂಟೆಯಾಕಾರದ ಕವಚ) ಒಳಗೆ ನೋಡುವ ಮೊದಲೇ ತೀರ್ಪು ಕೊಟ್ಟಿದ್ದಾರೆ, ಅದೇ ನನಗೆ ಸರಿ ಕಾಣಲಿಲ್ಲ.

ನಿಮ್ಮ ಗಾಡಿ ನನಗೆ ಇಷ್ಟದ ಗಾಡಿ, ಮೊದಲೇ ಹೇಳಿಬಿಡುತ್ತೇನೆ. ಈ ಮಾಡೆಲ್ ಮೊದಲು 2011ರಲ್ಲಿ ಬಂದಿದ್ದು. 1.8 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 160 ಪಿಎಸ್, ಆರು ಗೇರಿನ ಮ್ಯಾನುಯಲ್. ಕಂಪನಿಯಿಂದ ಬಂದಾಗ ಟಾರ್ಕ್ 250 ನ್ಯೂಟನ್ ಮೀಟರ್. ಅದೂ 1500 ಆರ್‌ಪಿಎಂ ಸುತ್ತಮುತ್ತಲೇ ಪೂರ್ತಿ ಸಿಗುತ್ತದೆ. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ. ಕ್ಲಚ್‌ಗೆ ಹಾರ್ಸ್ ಪವರ್ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಟಾರ್ಕ್ ಮಾತ್ರ. ಜಾರುವುದು ಟಾರ್ಕ್ ತುದಿಗೆ ಹೋದಾಗ. ನಿಮಗೆ 6000 ಆರ್‌ಪಿಎಂನಲ್ಲಿ ಜಾರದೆ, 2500ರಲ್ಲಿ ಟರ್ಬೊ ತುಂಬಿದಾಗ ಜಾರುತ್ತಿದ್ದರೆ ಆಶ್ಚರ್ಯವೇನಿಲ್ಲ.

ಮೊದಲು ಖರ್ಚಿಲ್ಲದ ಎರಡು ಪರೀಕ್ಷೆ.

ಒಂದು, ಡ್ರೈವರ್ ಸೀಟಿನ ಮುಂದೆ ಬಗ್ಗಿ ಪೆಡಲ್ ನೋಡಿ. ಪೆಡಲ್ ಪೂರ್ತಿ ಮೇಲೆ ಬರುತ್ತಿದೆಯಾ? ದಪ್ಪ ಫ್ಲೋರ್ ಮ್ಯಾಟ್ ಮಡಚಿಕೊಂಡು ಪೆಡಲಿಗೆ ಅಡ್ಡ ಕೂತಿದೆಯಾ? ನಗಬೇಡಿ. ಕ್ಲಚ್ ಬದಲಾಯಿಸಲೆಂದು ಬಂದ ಗಾಡಿಯನ್ನು ಮ್ಯಾಟ್ ಸರಿ ಮಾಡಿ ವಾಪಸ್ ಕಳಿಸಿದ್ದೇನೆ. ಹಾಗೆಯೇ ಓಡಿಸುವಾಗ ಎಡಗಾಲು ಎಲ್ಲಿರುತ್ತದೆ ಎಂದು ಒಂದು ದಿನ ಗಮನಿಸಿ. ಕಾಲು ಸುಮ್ನೆ ಪೆಡಲ್ ಮೇಲೆ ಇಟ್ಟುಕೊಳ್ಳುವ ಅಭ್ಯಾಸ ಇದ್ದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ದಿನವಿಡೀ ಕೆಲಸ ಮಾಡುತ್ತಿರುತ್ತದೆ. ಇನ್ನೂ ಸ್ವಲ್ಪ ಭಾರ ಬಿದ್ದರೆ ಪ್ಲೇಟ್ ಮೇಲಿನ ಹಿಡಿತವೇ ಸಡಿಲವಾಗುತ್ತದೆ.

ಎರಡನೆಯದು ಮುಖ್ಯ. ರೀಮ್ಯಾಪ್ ಮಾಡಿದವರ ಹತ್ತಿರ ಹೋಗಿ ಕಂಪನಿ ಮ್ಯಾಪ್ ವಾಪಸ್ ಹಾಕಿಸಿ. ಸಾಮಾನ್ಯವಾಗಿ ಹಳೇ ಫೈಲ್ ಇಟ್ಟುಕೊಂಡಿರುತ್ತಾರೆ. ಆಮೇಲೆ ಖಾಲಿ ರಸ್ತೆಯಲ್ಲಿ, ಎಂಜಿನ್ ಬಿಸಿಯಾದ ಮೇಲೆ, ನಾಲ್ಕನೇ ಗೇರಿನಲ್ಲಿ 50 ಕಿ.ಮೀ. ವೇಗದಿಂದ ಪೂರ್ತಿ ಒತ್ತಿ ನೋಡಿ. 250ಕ್ಕೆ ಜಾರುತ್ತಿಲ್ಲ, 320ಕ್ಕೆ ಮಾತ್ರ ಜಾರುತ್ತದೆ ಎಂದಾದರೆ ಕ್ಲಚ್ ಸತ್ತಿಲ್ಲ, ಅದರ ಶಕ್ತಿ ಮೀರಿ ಕೇಳುತ್ತಿದ್ದೀರಿ ಅಷ್ಟೆ. ಆಗ ನಿಮಗೆ ಸಮಯ ಸಿಗುತ್ತದೆ. ಸಾಮಾನು ತರಿಸಿ, ಒಳ್ಳೆ ಕೈ ಹುಡುಕಿ, ನಿಧಾನವಾಗಿ ಮಾಡಿಸಬಹುದು. 250ಕ್ಕೂ ಜಾರಿದರೆ ಒಳಗೆ ಪ್ಲೇಟ್ ಸವೆದಿದೆ, ಇಲ್ಲವೇ ಆಯಿಲ್ ಬಿದ್ದಿದೆ. ಆಗ ತಡ ಮಾಡಬೇಡಿ. ಜಾರುವ ಕ್ಲಚ್ಚಿನ ಬಿಸಿ ನೇರವಾಗಿ ಫ್ಲೈವೀಲಿಗೆ ಹೋಗುತ್ತದೆ, ಪ್ಲೇಟಿನ ಖರ್ಚಿನಲ್ಲಿ ಮುಗಿಯಬೇಕಾದ್ದು ಫ್ಲೈವೀಲಿನ ಖರ್ಚನ್ನೂ ಎಳೆದು ತರುತ್ತದೆ.

ಈಗ ಲೆಕ್ಕ. ಕ್ಲಚ್ ಎಷ್ಟು ಟಾರ್ಕ್ ಹಿಡಿಯುತ್ತದೆ ಎನ್ನುವುದು ನಾಲ್ಕು ಸಂಖ್ಯೆಗಳ ಗುಣಾಕಾರ: ಪ್ಲೇಟಿನ ಮೇಲಿನ ಲೈನಿಂಗ್ ಎಷ್ಟು ಕಚ್ಚುತ್ತದೆ, ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ಎಷ್ಟು ಒತ್ತುತ್ತದೆ, ಪ್ಲೇಟಿನ ಸರಾಸರಿ ತ್ರಿಜ್ಯ ಎಷ್ಟು, ಕಚ್ಚುವ ಮುಖ ಎಷ್ಟು. ಉದಾಹರಣೆಗೆ, ಇದು ನಿಮ್ಮ ಗಾಡಿಯ ಅಳತೆಯಲ್ಲ, ತಿಳಿಯಲಿ ಅಂತ ಹೇಳುತ್ತಿದ್ದೇನೆ: ಘರ್ಷಣೆ 0.3, ಒತ್ತಡ 6000 ನ್ಯೂಟನ್, ತ್ರಿಜ್ಯ 10 ಸೆಂಟಿಮೀಟರ್, ಮುಖ ಎರಡು. ಗುಣಿಸಿದರೆ 360 ನ್ಯೂಟನ್ ಮೀಟರ್. 320ಕ್ಕೆ ಧಾರಾಳ ಸಾಕಲ್ವಾ? ಆದರೆ ಬಿಸಿಯಾಗಿ ಆ 0.3 ಎನ್ನುವುದು 0.25ಕ್ಕೆ ಇಳಿದರೆ 300 ಆಯಿತು, ಜಾರುತ್ತದೆ. ಸ್ವಲ್ಪ ಆಯಿಲ್ ತಾಗಿ 0.2ಕ್ಕೆ ಬಂದರೆ 240. ಕಂಪನಿ ಟಾರ್ಕನ್ನೂ ಹಿಡಿಯಲಾರದು. ಅಂದರೆ ಪ್ಲೇಟ್ ದಪ್ಪ ಇದ್ದರೂ ಜಾರಬಹುದು. ‘ಪ್ಲೇಟ್ ಇನ್ನೂ ಇದೆ ಸಾರ್’ ಅಂತ ಯಾರಾದರೂ ಹೇಳಿದರೆ ಅಲ್ಲಿಗೆ ಮಾತು ಮುಗಿಯಲಿಲ್ಲ.

ಇದೇ ಲೆಕ್ಕದಿಂದ ಆಯ್ಕೆಯೂ ಬರುತ್ತದೆ. 320ರ ಮೇಲೆ ಕಾಲು ಭಾಗ ಸೇರಿಸಿ, 400. ಅಷ್ಟು ಹಿಡಿಯುತ್ತದೆ ಎಂದು ತಯಾರಕರೇ ಬರೆದುಕೊಟ್ಟ ಕಿಟ್ ನಿಮಗೆ ಸಾಕು. 600 ಹಿಡಿಯುತ್ತದೆ, 700 ಹಿಡಿಯುತ್ತದೆ ಅನ್ನುವುದಕ್ಕೆ ದುಡ್ಡು ಕೊಡಬೇಡಿ. ಆ ಹೆಚ್ಚಿನ ಹಿಡಿತ ಎಲ್ಲಿಂದ ಬರುತ್ತದೆ ಹೇಳಿ? ಒಂದೋ ಪ್ರೆಶರ್ ಪ್ಲೇಟ್ ಸ್ಪ್ರಿಂಗ್ ಗಟ್ಟಿ ಮಾಡಿರುತ್ತಾರೆ, ಆಗ ಪೆಡಲ್ ಭಾರ. ಒತ್ತಿದಾಗಲೆಲ್ಲ ಆ ಭಾರ ಕ್ರ್ಯಾಂಕ್ ಶಾಫ್ಟಿನ ತ್ರಸ್ಟ್ ಬೇರಿಂಗ್ ಮೇಲೂ ಬೀಳುತ್ತದೆ. ಇಲ್ಲವೇ ಲೈನಿಂಗ್ ಸೆರಾಮಿಕ್ ಮಾಡಿರುತ್ತಾರೆ.

ಸೆರಾಮಿಕ್ ಪ್ಲೇಟ್ ನೋಡಿದ್ದೀರಾ? ಪೂರ್ತಿ ವೃತ್ತ ಇರುವುದಿಲ್ಲ. ನಾಲ್ಕೋ ಆರೋ ಬಿಲ್ಲೆ, ಫ್ಯಾನ್ ರೆಕ್ಕೆ ತರಹ. ಬಿಸಿ ಎಷ್ಟಾದರೂ ಬಿಡುವುದಿಲ್ಲ, ಅದು ನಿಜ. ರೇಸ್ ಓಡಿಸುವವರಿಗೆ ಅದೇ ಬೇಕು. ಆದರೆ ಅದಕ್ಕೆ ಅರ್ಧ ಹಿಡಿಯುವುದು ಗೊತ್ತಿಲ್ಲ. ಸ್ವಿಚ್ ಹಾಕಿದ ಹಾಗೆ: ಬಿಟ್ಟಿದ್ದರೆ ಬಿಟ್ಟಿದೆ, ಕಚ್ಚಿದರೆ ಕಚ್ಚಿತು. ನಿಮ್ಮ ದಾರಿ ನೆನಪಿಸಿಕೊಳ್ಳಿ. ಬೆಳಗ್ಗೆ ಮಂಡ್ಯದಲ್ಲಿ ಎಕ್ಸ್‌ಪ್ರೆಸ್ ವೇ ಹತ್ತುವವರೆಗೆ ಸರ್ವಿಸ್ ರಸ್ತೆ. 2023ರ ಆಗಸ್ಟ್‌ನಿಂದ ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಗೆ ಬಿಡುತ್ತಿಲ್ಲ, ಹಾಗಾಗಿ ಕಬ್ಬು ಅರೆಯುವ ದಿನಗಳಲ್ಲಿ ಎರಡೆರಡು ಟ್ರೈಲರ್ ಎಳೆಯುವ ಟ್ರ್ಯಾಕ್ಟರುಗಳೆಲ್ಲ ಆ ಸರ್ವಿಸ್ ರಸ್ತೆಯಲ್ಲೇ. ಅವುಗಳ ಹಿಂದೆ ಮೊದಲನೇ ಗೇರಿನಲ್ಲಿ ತೆವಳಬೇಕು. ಆಮೇಲೆ ಅರ್ಧ ಗಂಟೆ ಚೆನ್ನಾಗಿದೆ, ಕ್ಲಚ್ ಮುಟ್ಟುವುದೇ ಬೇಡ. ಮೈಸೂರು ಬಂತು, ರಿಂಗ್ ರಸ್ತೆ ಸಿಗ್ನಲ್‌ಗಳಲ್ಲಿ ಮತ್ತೆ ಅದೇ ಕಥೆ. ಅಲ್ಲಿ ಸೆರಾಮಿಕ್ ಹಾಕಿಕೊಂಡು ಒಂದು ವಾರ ಓಡಿಸಿ, ಎಂಟನೇ ದಿನ ಮೆಕ್ಯಾನಿಕ್ ಮನೆ ಮುಂದೆ ನಿಂತಿರುತ್ತೀರಿ. ನಿಮ್ಮ ಮನೆಯವರು ಅಷ್ಟು ದಿನವೂ ಕಾಯುವುದಿಲ್ಲ.

ಕೆವ್ಲಾರ್ ಅನ್ನುವುದೂ ಒಂದಿದೆ. ಮೆತ್ತಗೆ ಕಚ್ಚುತ್ತದೆ, ಬಾಳಿಕೆಯೂ ಬರುತ್ತದೆ. ಆದರೆ ಮೊದಲ ದಿನಗಳಲ್ಲಿ ಬಹಳ ಜೋಪಾನ ಮಾಡಬೇಕು. ಒಮ್ಮೆ ಸುಟ್ಟರೆ ಮೇಲ್ಮೈ ಗಾಜಿನ ಹಾಗಾಗಿ ಮತ್ತೆ ಹಿಡಿತ ಬರುವುದು ಕಷ್ಟ. ದಿನಾ ಓಡಿಸುವ, ಇಬ್ಬರು ಓಡಿಸುವ ಗಾಡಿಗೆ ನಾನು ಹೇಳುವುದಿಲ್ಲ.

ನಿಮಗೆ ಬೇಕಾಗಿರುವುದು ಪೂರ್ತಿ ವೃತ್ತದ ಆರ್ಗ್ಯಾನಿಕ್ ಲೈನಿಂಗ್ ಪ್ಲೇಟ್, ಅದರ ಜೊತೆ ಸ್ವಲ್ಪ ಗಟ್ಟಿ ಸ್ಪ್ರಿಂಗಿನ ಪ್ರೆಶರ್ ಪ್ಲೇಟ್. ಸ್ಯಾಕ್ಸ್‌ನವರ ಪರ್ಫಾರ್ಮೆನ್ಸ್ ಸಾಲಿನಲ್ಲಿ ಇಂಥದ್ದು ಸಿಗುತ್ತದೆ. ಪೆಡಲ್ ಈಗಿರುವುದಕ್ಕಿಂತ ತುಸು ಭಾರ ಅನ್ನಿಸುತ್ತದೆ, ಎರಡು ದಿನದಲ್ಲಿ ಕಾಲಿಗೆ ಅಭ್ಯಾಸವಾಗುತ್ತದೆ. ರೀಮ್ಯಾಪ್ ಬೇಡ, ಕಂಪನಿ ಮ್ಯಾಪಿನಲ್ಲೇ ಇರುತ್ತೇನೆ ಅಂದರೆ ಇನ್ನೂ ಸುಲಭ: ಕಂಪನಿಗೆ ಬಂದಂಥದ್ದೇ ಕಿಟ್ ಹಾಕಿಸಿ, ಮುಗಿಯಿತು. ಅಂದ ಹಾಗೆ, ರೀಮ್ಯಾಪ್ ಇಟ್ಟುಕೊಳ್ಳುವುದಾದರೆ ಇನ್ಶೂರೆನ್ಸ್ ಕಂಪನಿಗೆ ತಿಳಿಸಿದ್ದೀರಾ ನೋಡಿ. ಹೇಳದೆ ಇದ್ದು ನಾಳೆ ಕ್ಲೇಮ್ ಮಾಡಬೇಕಾಗಿ ಬಂದರೆ ಅದೊಂದು ತಕರಾರು.

ಇನ್ನು ಫ್ಲೈವೀಲ್. ಇಲ್ಲೇ ನಿಮ್ಮ ದುಡ್ಡು ಜಾಸ್ತಿ ಹೋಗುವುದು, ಇಲ್ಲೇ ಜನ ಎಡವುವುದೂ.

ನಾಲ್ಕು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಸಿಡಿಯುತ್ತದೆ. ಐಡಲಿಂಗಿನಲ್ಲಿ 800 ಆರ್‌ಪಿಎಂ ಅಂದರೆ ಸೆಕೆಂಡಿಗೆ 26-27 ಹೊಡೆತ. ಆ ಹೊಡೆತ ಹಾಗೇ ಗೇರ್ ಬಾಕ್ಸಿಗೆ ಹೋದರೆ ಹಲ್ಲು ಹಲ್ಲು ಬಡಿದುಕೊಳ್ಳುತ್ತವೆ. ಡ್ಯುಯಲ್ ಮಾಸ್ ಫ್ಲೈವೀಲ್ ಅಂದರೆ ಒಂದು ಫ್ಲೈವೀಲನ್ನು ಎರಡು ತೂಕ ಮಾಡಿ ನಡುವೆ ಉದ್ದನೆಯ ಸ್ಪ್ರಿಂಗ್ ಇಟ್ಟಿದ್ದಾರೆ, ಗ್ರೀಸಿನಲ್ಲಿ ಮುಳುಗಿಸಿ. ಹೊಡೆತವನ್ನು ಆ ಸ್ಪ್ರಿಂಗ್ ನುಂಗುತ್ತದೆ. ಜರ್ಮನಿಯ ಲುಕ್ ಕಂಪನಿ 1985ರಲ್ಲಿ ಇದನ್ನು ಕಾರುಗಳಿಗೆ ತಂದಿತು. ಅದರಿಂದಲೇ ನಿಮ್ಮ ಗಾಡಿ 1300 ಆರ್‌ಪಿಎಂನಲ್ಲೂ ನಡುಗದೆ ಎಳೆಯುವುದು.

ಇದನ್ನು ತೆಗೆದು ಸಿಂಗಲ್ ಹಾಕಿದರೆ ಏನಾಗುತ್ತದೆ? ನ್ಯೂಟ್ರಲ್‌ನಲ್ಲಿ ನಿಂತಾಗ ತಗಡಿನ ಡಬ್ಬದಲ್ಲಿ ಹುಣಸೆ ಬೀಜ ಹಾಕಿ ಅಲ್ಲಾಡಿಸಿದ ಸದ್ದು. ಕ್ಲಚ್ ಒತ್ತಿದರೆ ನಿಲ್ಲುತ್ತದೆ, ಬಿಟ್ಟರೆ ಮತ್ತೆ ಶುರು. ಗೇರ್ ಬಾಕ್ಸ್ ತಕ್ಷಣ ಹಾಳಾಗುವುದಿಲ್ಲ, ಸಿಂಗಲ್ ಹಾಕಿ ವರ್ಷಗಟ್ಟಲೆ ಓಡಿಸಿದವರೂ ಇದ್ದಾರೆ. ನನ್ನ ತಕರಾರು ಬೇರೆ. ಡ್ಯುಯಲ್ ಮಾಸ್ ಇರುವ ಗಾಡಿಯ ಕ್ಲಚ್ ಪ್ಲೇಟ್ ನಡುವೆ ಸಾಮಾನ್ಯವಾಗಿ ಸ್ಪ್ರಿಂಗ್ ಇರುವುದಿಲ್ಲ, ಆ ಕೆಲಸ ಫ್ಲೈವೀಲೇ ಮಾಡುತ್ತದೆ. ಸಿಂಗಲ್ ಫ್ಲೈವೀಲ್ ಹಾಕಿ, ಪ್ಲೇಟ್ ಮಾತ್ರ ಹಳೇ ತರಹದ್ದೇ ಹಾಕಿಬಿಟ್ಟರೆ ಹೊಡೆತ ನುಂಗಲು ಎಲ್ಲೂ ಏನೂ ಉಳಿಯುವುದಿಲ್ಲ. ಆಗ ನಿಜವಾಗಿಯೂ ಗೇರ್ ಬಾಕ್ಸ್ ತಿನ್ನುತ್ತದೆ. ನಿಮ್ಮ ಎರಡನೇ ಮೆಕ್ಯಾನಿಕ್ಕನ್ನು ಒಂದೇ ಪ್ರಶ್ನೆ ಕೇಳಿ: ‘ಸಿಂಗಲ್ ಹಾಕಿದರೆ ಪ್ಲೇಟ್ ಸ್ಪ್ರಿಂಗ್ ಇರೋದು ಹಾಕ್ತೀರೋ, ಇಲ್ಲದ್ದು ಹಾಕ್ತೀರೋ?’ ತಡವರಿಸಿದರೆ ಚಹಾ ಕುಡಿದು ಎದ್ದು ಬನ್ನಿ.

ಈಗಿರುವ ಫ್ಲೈವೀಲ್ ಸರಿ ಇದ್ದರೆ ಬದಲಾಯಿಸುವುದು ಬೇಡ. ಸರಿ ಇದೆಯಾ ಎಂದು ಗೇರ್ ಬಾಕ್ಸ್ ಇಳಿಸಿದ ಮೇಲೆ ಕೈಯಲ್ಲೇ ನೋಡಬಹುದು. ಹೊರಗಿನ ತೂಕವನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಿತ್ತ ತಿರುಗಿಸಿ. ಸ್ವಲ್ಪ ದೂರ ಹಗುರವಾಗಿ ತಿರುಗಿ ಆಮೇಲೆ ಸ್ಪ್ರಿಂಗ್ ಎದುರಿಸಬೇಕು, ಬಿಟ್ಟರೆ ವಾಪಸ್ ಬರಬೇಕು. ಸ್ಪ್ರಿಂಗೇ ಸಿಗದೆ ಲೊಡಲೊಡ ಅಂತ ತಿರುಗಿದರೆ, ಕಟ್ ಅಂತ ಸದ್ದು ಬಂದರೆ ಹೋಯಿತು. ಮುಂದೆ ಹಿಂದೆ ಅಲ್ಲಾಡಿಸಿದಾಗ ಎಷ್ಟು ಆಡಬಹುದು ಎನ್ನುವುದಕ್ಕೆ ತಯಾರಕರ ಅಳತೆ ಇದೆ, ಡಯಲ್ ಗೇಜ್ ಇಟ್ಟು ನೋಡಬೇಕು. ಅಂಚಿನಲ್ಲಿ ಗ್ರೀಸ್ ಹೊರಗೆ ಬಂದಿದ್ದರೆ ಹೋಯಿತು. ಮುಖದ ಮೇಲೆ ನೀಲಿ ಮಚ್ಚೆ, ಕೂದಲೆಳೆಯಂಥ ಬಿರುಕು ಇದ್ದರೂ ಹೋಯಿತು. ಲೇತಿಗೆ ಕೊಟ್ಟು ಸ್ಕಿಮ್ಮಿಂಗ್ (ಮುಖ ತೆಳುವಾಗಿ ಕೆತ್ತಿ ಸಮ ಮಾಡುವುದು) ಮಾಡಿಸೋಣ ಅಂತ ಹೇಳುವವರಿದ್ದಾರೆ. ಹಳೇ ಅಂಬಾಸಿಡರ್ ಫ್ಲೈವೀಲಿಗೆ ಅದು ಸರಿ. ಇದಕ್ಕೆ ಬೇಡ. ನಿಮ್ಮ 1,12,000 ಕಿ.ಮೀ. ಮತ್ತು ರೀಮ್ಯಾಪ್ ನೋಡಿದರೆ, ಫ್ಲೈವೀಲಿಗೂ ದುಡ್ಡು ಎತ್ತಿಟ್ಟುಕೊಂಡೇ ಕೆಲಸಕ್ಕೆ ಕೈ ಹಾಕಿ ಅನ್ನುತ್ತೇನೆ. ಅದರ ಬೆಲೆ ಸಾಮಾನ್ಯವಾಗಿ ಕ್ಲಚ್ ಕಿಟ್‌ಗಿಂತ ಜಾಸ್ತಿ. ಉಳಿದರೆ ಸಂತೋಷ.

ಮೂರನೇ ಮೆಕ್ಯಾನಿಕ್ ಹೇಳಿದ ‘ಬರೀ ಪ್ಲೇಟ್’ ಬಗ್ಗೆ ನನ್ನದೇ ಒಂದು ಪೆದ್ದು ಕೆಲಸ ಹೇಳಬೇಕು. ಬಹಳ ವರ್ಷದ ಹಿಂದೆ ನನ್ನ ಸ್ವಂತ ಗಾಡಿಗೆ ಕ್ಲಚ್ ಹಾಕಿದೆ. ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರೂ ಹೊಸದು. ಎಂಜಿನ್ ಹಿಂಭಾಗದ ಆಯಿಲ್ ಸೀಲ್ ಒಣಗಿದ ಹಾಗೆ ಕಾಣಿಸಿತು. ‘ಚೆನ್ನಾಗೇ ಇದೆಯಲ್ಲ’ ಅಂತ ಬಿಟ್ಟೆ. ಮೂರು ವಾರ ಕಳೆಯಿತು. ಒಂದು ಭಾನುವಾರ ಮನೆಯವರನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತುತ್ತಿದ್ದೆ. ತಿರುವಿನಲ್ಲಿ ಬಸ್ಸಿಗೆ ದಾರಿ ಬಿಟ್ಟು ಮತ್ತೆ ಹೊರಡಬೇಕು, ಗಾಡಿ ಜ್ವರ ಬಂದವರ ಹಾಗೆ ಗಡಗಡ ನಡುಗಿತು. ಮರುದಿನ ಗೇರ್ ಬಾಕ್ಸ್ ಇಳಿಸಿದರೆ ಮೂರು ವಾರದ ಹೊಸ ಪ್ಲೇಟ್ ಅಂಚಿನಲ್ಲಿ ಆಯಿಲ್ ಕುಡಿದು ಕಪ್ಪಾಗಿತ್ತು. ಆಯಿಲ್ ಕುಡಿದ ಪ್ಲೇಟನ್ನು ಪೆಟ್ರೋಲಲ್ಲಿ ತೊಳೆದರೆ ಸರಿ ಹೋಗುವುದಿಲ್ಲ, ಅದು ಲೈನಿಂಗಿನ ಒಳಗೇ ಇಳಿದಿರುತ್ತದೆ. ಒಂದು ಸೀಲಿನ ದುಡ್ಡು ಉಳಿಸಲು ಹೋಗಿ ಇಡೀ ಕೆಲಸ ಎರಡು ಸಲ ಮಾಡಿದೆ.

ನಿಮ್ಮ ಎಂಜಿನ್ನಿನಲ್ಲಿ ಈ ಸೀಲಿಗೆ ಇನ್ನೊಂದು ಶತ್ರು ಇದೆ. ಎಂಜಿನ್ ಒಳಗಿನ ಹೊಗೆ ಗಾಳಿಯನ್ನು ಹೊರಗೆ ಎಳೆಯುವ ಪಿಸಿವಿ ವಾಲ್ವ್ ಮೇಲೆ ಕೂತಿರುತ್ತದೆ. ಅದರೊಳಗಿನ ರಬ್ಬರ್ ಪದರ ಹರಿದರೆ ಎಂಜಿನ್ ಒಳಗೆ ಎಳೆತ ವಿಪರೀತವಾಗಿ, ಹಿಂದಿನ ಸೀಲಿನ ತುಟಿಯಿಂದ ಗಾಳಿ ಒಳಗೆ ನುಗ್ಗುತ್ತದೆ. ಸಣ್ಣಗೆ ಶಿಳ್ಳೆ ಹೊಡೆದ ಸದ್ದು ಬರುತ್ತದೆ. ಸ್ವಲ್ಪ ದಿನಕ್ಕೆ ಸೀಲ್ ಹಾಳು. ಇಂದೇ ನೋಡಿ: ಗಾಡಿ ಐಡಲಿಂಗಿನಲ್ಲಿರಲಿ, ಡಿಪ್ ಸ್ಟಿಕ್ ಸ್ವಲ್ಪ ಮೇಲಕ್ಕೆತ್ತಿ. ಶಿಳ್ಳೆ ಇದ್ದದ್ದು ಥಟ್ಟನೆ ನಿಂತರೆ ಪಿಸಿವಿ ಹೋಗಿದೆ ಎಂದೇ ತಿಳಿಯಿರಿ. ಅದನ್ನು ಬಿಟ್ಟು ಬರೀ ಸೀಲ್ ಹಾಕಿದರೆ ಹೊಸ ಸೀಲೂ ಅದೇ ದಾರಿ ಹಿಡಿಯುತ್ತದೆ.

ಹಾಗಾಗಿ ಗೇರ್ ಬಾಕ್ಸ್ ಇಳಿಸಿದ ಮೇಲೆ ನಾನು ಕಣ್ಣು ಮುಚ್ಚಿ ಬದಲಾಯಿಸುವುದು: ಕಿಟ್‌ನಲ್ಲಿ ಬರುವ ಮೂರೂ, ಹಿಂದಿನ ಸೀಲ್, ಬೇರಿಂಗ್ ಓಡಾಡುವ ಗೈಡ್ ಸ್ಲೀವ್ ಸವೆದಿದ್ದರೆ ಅದು, ಫ್ಲೈವೀಲಿನ ಬೋಲ್ಟ್‌ಗಳು. ಬೋಲ್ಟ್ ವಿಷಯದಲ್ಲಿ ಜಿಪುಣತನ ಬೇಡ. ಅವು ಬಿಗಿಯುವಾಗ ಹಿಗ್ಗುವ ಜಾತಿ, ಒಂದು ಸಲಕ್ಕೆ ಮಾತ್ರ. ಈ ಕುಟುಂಬದ ಬಹಳಷ್ಟು ಎಂಜಿನ್‌ಗಳಿಗೆ 60 ನ್ಯೂಟನ್ ಮೀಟರ್ ಬಿಗಿದು ಆಮೇಲೆ ಕಾಲು ಸುತ್ತು ಅಂತ ಇದೆ, ನಿಮ್ಮದಕ್ಕೆ ಮ್ಯಾನುಯಲ್ ನೋಡಿಯೇ ಬಿಗಿಸಿ. ಟಾರ್ಕ್ ವ್ರೆಂಚ್ ಇಲ್ಲದೆ ‘ನನ್ನ ಕೈಗೆ ಗೊತ್ತು ಸಾರ್’ ಅನ್ನುವವರ ಹತ್ತಿರ ಈ ಕೆಲಸ ಬೇಡ.

ಸಾಮಾನು ಬಂದಾಗ ಡಬ್ಬ ನೋಡಿ ನಂಬಬೇಡಿ. ಗುರುತಿನವರೊಬ್ಬರು ದೂರದ ಊರಿನ ಅಂಗಡಿಯಿಂದ ಅರ್ಧ ಬೆಲೆಗೆ ಕಿಟ್ ತರಿಸಿದ್ದರು. ಡಬ್ಬ ಪಕ್ಕಾ ಒರಿಜಿನಲ್, ಒಳಗಿದ್ದ ಪ್ಲೇಟಿನ ರಿವೆಟ್ ಒಂದೊಂದು ಒಂದೊಂದು ಆಳದಲ್ಲಿತ್ತು. ಹಳೇ ಪ್ಲೇಟ್, ಹೊಸ ಪ್ಲೇಟ್ ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿ. ಅಗಲ ಒಂದೇ ಇರಬೇಕು, ನಡುವಿನ ಹಲ್ಲುಗಳ ಸಂಖ್ಯೆ ಒಂದೇ ಇರಬೇಕು. ಹೊಸ ಪ್ಲೇಟನ್ನು ಗೇರ್ ಬಾಕ್ಸಿನ ಶಾಫ್ಟಿಗೆ ಕೈಯಲ್ಲೇ ಹಾಕಿ ಎಳೆಯಿರಿ, ತಡೆಯಿಲ್ಲದೆ ಜಾರಬೇಕು. ಇದಕ್ಕೆ ಒಂದು ನಿಮಿಷ ಸಾಕು. ಇದನ್ನು ಮಾಡದೆ ಗಾಡಿ ಜೋಡಿಸಿ, ಗೇರ್ ಬೀಳುತ್ತಿಲ್ಲ ಅಂತ ಮತ್ತೆ ಬಿಚ್ಚಿದವರನ್ನು ಕಂಡಿದ್ದೇನೆ. ಹಳೇ ಪ್ಲೇಟಿಗೆ ಹೊಸ ಲೈನಿಂಗ್ ಹೊಡೆಸುವ ಮಾತು ಯಾರಾದರೂ ಎತ್ತಿದರೆ, ಅದು ನಮ್ಮ ತಂದೆಯವರ ಕಾಲದ ಗಾಡಿಗೆ ಅಂತ ಹೇಳಿ.

ಕೆಲಸ ಹೀಗೆ ನಡೆಯಬೇಕು. ನೀವು ಅಲ್ಲೇ ನಿಂತಿದ್ದರೆ ಒಳ್ಳೆಯದು, ಎಲ್ಲಿ ಕಣ್ಣಿಡಬೇಕು ಅಷ್ಟು ಹೇಳುತ್ತೇನೆ.

ಲಿಫ್ಟ್ ಇರುವ ಜಾಗ ಇರಲಿ. ಬ್ಯಾಟರಿ, ಅದರ ತಟ್ಟೆ, ಏರ್ ಫಿಲ್ಟರ್ ಡಬ್ಬ, ಸ್ಟಾರ್ಟರ್, ಗೇರ್ ಕೇಬಲ್ ಬಿಚ್ಚುತ್ತಾರೆ. ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸಲು ತಳ್ಳುವ ಸ್ಲೇವ್ ಸಿಲಿಂಡರ್ ಕಳಚಿ ಪಕ್ಕಕ್ಕೆ ಕಟ್ಟಿದ ಮೇಲೆ ಯಾರೂ ಪೆಡಲ್ ಒತ್ತಬಾರದು, ಒತ್ತಿದರೆ ಪಿಸ್ಟನ್ ಹೊರಗೆ ಹಾರಿ ಆಯಿಲ್ ಚೆಲ್ಲುತ್ತದೆ. ನಾನು ಸ್ಟೀರಿಂಗಿಗೆ ಒಂದು ಬಟ್ಟೆ ಕಟ್ಟಿಬಿಡುತ್ತೇನೆ, ಯಾರೇ ಬಂದು ಕೂತರೂ ನೆನಪಾಗಲಿ ಅಂತ. ಡ್ರೈವ್ ಶಾಫ್ಟ್ ಬೋಲ್ಟ್‌ಗಳ ತಲೆ ಹನ್ನೆರಡು ಮೂಲೆಯ ನಕ್ಷತ್ರದಂತಿರುತ್ತದೆ. ಅದಕ್ಕೆ ಸರಿಯಾದ ಬಿಟ್ಟೇ ಬೇಕು, ಅಲೆನ್ ಕೀ ತುರುಕಿದರೆ ತಲೆ ಬೋಳಾಗುತ್ತದೆ. ಎಂಜಿನ್ನಿಗೆ ಮೇಲಿಂದ ಆಸರೆ ಕೊಟ್ಟು, ಗೇರ್ ಬಾಕ್ಸ್ ಕೆಳಗೆ ಜಾಕ್ ಇಟ್ಟು, ಮೌಂಟ್ ಬಿಚ್ಚಿ ಇಳಿಸುತ್ತಾರೆ.

ಇಳಿದ ಮೇಲೆ ಬೆಲ್ ಹೌಸಿಂಗ್ ಒಳಗೆ ಮಸಿ ಮೆತ್ತಿದಂತೆ ಕಪ್ಪು ಧೂಳು ಇರುತ್ತದೆ. ಏರ್ ಪೈಪ್ ಹಿಡಿದು ಊದಲು ಬಿಡಬೇಡಿ. ಅಗ್ಗದ ಲೈನಿಂಗ್ ಯಾವಾಗಲೋ ಹಾಕಿದ್ದರೆ ಅದರಲ್ಲಿ ಕಲ್ನಾರು ಇರಬಹುದು. ಬ್ರೇಕ್ ಕ್ಲೀನರ್ ಹೊಡೆದು ಒದ್ದೆ ಬಟ್ಟೆಯಲ್ಲಿ ಒರೆಸಲಿ, ಮೂಗಿಗೆ ಮಾಸ್ಕ್ ಇರಲಿ. ಧೂಳು ಒಣಗಿದ್ದರೆ ಸವೆತ, ಜಿಡ್ಡಾಗಿ ಅಂಟುತ್ತಿದ್ದರೆ ಆಯಿಲ್. ಅದೇ ನಿಮ್ಮ ಇಡೀ ಪ್ರಶ್ನೆಗೆ ಅರ್ಧ ಉತ್ತರ.

ಹೊಸ ಪ್ಲೇಟಿನ ಮೇಲೆ ಯಾವ ಮುಖ ಯಾವ ಕಡೆಗೆ ಎಂದು ಬರೆದಿರುತ್ತದೆ. ಜರ್ಮನ್ ಸಾಮಾನಾದರೆ ‘ಗೆಟ್ರೀಬೆಜೈಟೆ’ ಎಂಬ ಉದ್ದನೆಯ ಪದ ಕೊರೆದಿರುತ್ತಾರೆ, ಗೇರ್ ಬಾಕ್ಸ್ ಕಡೆಗೆ ಅಂತ ಅರ್ಥ. ತಿರುಗಿಸಿ ಹಾಕಿದರೆ ಕ್ಲಚ್ ಬಿಡುವುದೇ ಇಲ್ಲ. ಗ್ರೀಸ್ ಮೆತ್ತಿದ ಕೈಯಲ್ಲಿ ಲೈನಿಂಗ್ ಮುಟ್ಟಬಾರದು. ಶಾಫ್ಟಿನ ಹಲ್ಲಿಗೆ ಗ್ರೀಸ್ ಬೇಕು, ಆದರೆ ಎಷ್ಟು? ಬೆರಳ ತುದಿಗೆ ಕಾಡಿಗೆ ಹಚ್ಚಿಕೊಂಡಷ್ಟು. ಪ್ಲೇಟನ್ನು ಒಮ್ಮೆ ಹಾಕಿ ತೆಗೆದು, ಅಂಚಿಗೆ ಬಂದದ್ದನ್ನು ಒರೆಸಿಬಿಡಬೇಕು. ಜಾಸ್ತಿ ಹಚ್ಚಿದರೆ ಅದು ತಿರುಗುವಾಗ ಹಾರಿ ಲೈನಿಂಗಿಗೇ ಬೀಳುತ್ತದೆ.

ಪ್ಲೇಟ್ ನಡುಮಧ್ಯ ಕೂರಿಸಲು ಅಲೈನ್‌ಮೆಂಟ್ ಪಿನ್ ಹಾಕಿ, ಪ್ರೆಶರ್ ಪ್ಲೇಟಿನ ಬೋಲ್ಟ್‌ಗಳನ್ನು ಎದುರು ಬದುರಾಗಿ ಎರಡೆರಡು ಸುತ್ತು ಬಿಗಿಯುತ್ತಾ ಬರಬೇಕು. ಒಂದೇ ಕಡೆ ಪೂರ್ತಿ ಬಿಗಿದರೆ ಕವರ್ ಸೊಟ್ಟಗಾಗುತ್ತದೆ. ಸವೆದಂತೆ ತಾನೇ ಸರಿಹೊಂದಿಸಿಕೊಳ್ಳುವ ತರಹದ ಪ್ರೆಶರ್ ಪ್ಲೇಟ್ ಆಗಿದ್ದರೆ ಅದನ್ನು ಕೂರಿಸಲು ಬೇರೆ ಟೂಲ್ ಬೇಕು. ಟೂಲ್ ಇಲ್ಲದೆ ಎಳೆದು ಬಿಗಿದರೆ ಒಳಗಿನ ರಿಂಗ್ ಮೊದಲೇ ಸರಿದು, ಹೊಸ ಕ್ಲಚ್ ಹಳೇದರಂತೆ ಆಡುತ್ತದೆ.

ಕೊನೆಗೆ ಗೇರ್ ಬಾಕ್ಸ್ ಏರಿಸುವಾಗ ನಿಮ್ಮ ಕಣ್ಣು ಅಲ್ಲೇ ಇರಲಿ. ಅದರ ತೂಕ ಒಂದು ಕ್ಷಣವೂ ಪ್ಲೇಟಿನ ಮೇಲೆ ನೇತಾಡಬಾರದು. ನೇತಾಡಿದರೆ ಪ್ಲೇಟಿನ ನಡುಭಾಗ ಬಗ್ಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ಓಡಿಸಿದಾಗ ನಡುಕ, ಗೇರ್ ಹಾಕುವಾಗ ಕರಕರ. ಎರಡೂ ಮುಖ ಕೂಡುವವರೆಗೆ ಕೈಯಲ್ಲೇ ತಳ್ಳಿಕೊಂಡು ಬರಬೇಕು. ಬೆರಳಷ್ಟು ಸಂದು ಉಳಿದಿದೆ, ಬೋಲ್ಟ್ ಹಾಕಿ ಎಳೆದುಬಿಡೋಣ ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಆ ಬೋಲ್ಟ್ ಎಳೆಯುವುದು ಗೇರ್ ಬಾಕ್ಸಿನ ಕಿವಿಯನ್ನು, ಮುರಿಯುವುದೂ ಅದೇ. ಕೂರುತ್ತಿಲ್ಲ ಅಂದರೆ ಇಳಿಸಿ ಪ್ಲೇಟ್ ಮತ್ತೆ ಮಧ್ಯಕ್ಕೆ ತನ್ನಿ.

ಹೈಡ್ರಾಲಿಕ್ ಲೈನಿಗೆ ಹೊಸ ಆಯಿಲ್, ಬ್ಲೀಡಿಂಗ್ (ಲೈನಿನೊಳಗಿನ ಗಾಳಿ ತೆಗೆಯುವುದು), ಗೇರ್ ಆಯಿಲ್ ಹೊಸದು. ಇದರಲ್ಲಿ ಹೇಳುವಂಥದ್ದೇನಿಲ್ಲ. ಆತುರವಿಲ್ಲದೆ ಎರಡು ದಿನ ಕೊಡಿ. ಮಧ್ಯಾಹ್ನ ಮೂರಕ್ಕೆ ಗಾಡಿ ಬೇಕು ಅಂತ ಫೋನ್ ಮಾಡುತ್ತಾ ಇದ್ದರೆ ಅವರು ಸಂದು ಉಳಿದ ಕಡೆ ಬೋಲ್ಟ್ ಹಾಕಿ ಎಳೆಯುತ್ತಾರೆ.

ಗಾಡಿ ಕೈಗೆ ಬಂದ ಮೇಲೆ 800 ಕಿ.ಮೀ. ಮೆತ್ತಗೆ ಓಡಿಸಿ ಅಂತ ಎಲ್ಲರೂ ಹೇಳುತ್ತಾರೆ. ಸರಿ, ಆದರೆ ನಿಮಗೆ ಒಂದು ತಿದ್ದುಪಡಿ. ಎಕ್ಸ್‌ಪ್ರೆಸ್ ವೇಯಲ್ಲಿ ಆರನೇ ಗೇರಿಗೆ ಹಾಕಿ 100ರಲ್ಲಿ ಹೋಗುತ್ತಿದ್ದರೆ ಕ್ಲಚ್ ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ, ಅಲ್ಲಿ ಏನೂ ಪಳಗುವುದಿಲ್ಲ. ಪಳಗುವುದು ಹೊರಡುವಾಗ, ಗೇರ್ ಬದಲಿಸುವಾಗ. ಮಂಡ್ಯ ಮೈಸೂರು ಸುಮಾರು 45 ಕಿ.ಮೀ., ಒಂಬತ್ತೇ ದಿನ ಹೋಗಿ ಬಂದರೆ 800 ಆಯಿತು ಅಂತ ಲೆಕ್ಕ ಹಾಕಬೇಡಿ. ಊರೊಳಗಿನ ಓಡಾಟ ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಒಂದು ತಿಂಗಳು, ಒಂದೂವರೆ ತಿಂಗಳು ಹಾಗೇ ಕಂಪನಿ ಮ್ಯಾಪಿನಲ್ಲೇ ಇರಲಿ, ಆಮೇಲೆ ಬೇಕಾದರೆ 320ಕ್ಕೆ ಹೋಗಿ. ಹಾಗೆ ಹೋಗುವಾಗ ಟ್ಯೂನ್ ಮಾಡುವವರಿಗೆ ಒಂದು ಮಾತು ಹೇಳಿ: 2000 ಆರ್‌ಪಿಎಂ ಸುತ್ತ ಟಾರ್ಕ್ ಒಮ್ಮೆಲೇ ಎಗರದೆ ನಿಧಾನವಾಗಿ ಏರಲಿ ಅಂತ. ಗಾಡಿಯ ಜೋರು ಕಡಿಮೆಯಾಗುವುದಿಲ್ಲ, ಕ್ಲಚ್ಚಿಗೂ ಫ್ಲೈವೀಲಿಗೂ ಉಸಿರಾಡಲು ಜಾಗ ಸಿಗುತ್ತದೆ.

ಹಾಫ್ ಕ್ಲಚ್ ಬಗ್ಗೆ ನಿಮ್ಮ ಮನೆಯವರಿಗೂ ತೋರಿಸಿ ಅಂತ ಒಂದು ಲೆಕ್ಕ ಮಾಡಿದೆ. ನಿಮ್ಮ ಗಾಡಿ ನಾಲ್ಕು ಜನರೊಂದಿಗೆ ಸುಮಾರು 1600 ಕಿಲೋ. ಹತ್ತು ಮೀಟರಿಗೆ ಒಂದು ಮೀಟರ್ ಏರುವ ದಾರಿಯಲ್ಲಿ ಹ್ಯಾಂಡ್ ಬ್ರೇಕ್ ಹಾಕದೆ, 1500 ಆರ್‌ಪಿಎಂನಲ್ಲಿ ಕ್ಲಚ್ ಅರ್ಧ ಹಿಡಿದು ನಿಲ್ಲಿಸಿಕೊಂಡರೆ, ಆ ಪ್ಲೇಟಿನಲ್ಲಿ ಹುಟ್ಟುವ ಬಿಸಿ ಐದಾರು ಕಿಲೋವ್ಯಾಟ್. ಬಕೆಟ್ಟಿಗೆ ಹಾಕಿ ನೀರು ಕಾಯಿಸುವ ಹೀಟರ್ ಕಾಯಿಲ್ ಇರುತ್ತಲ್ಲ, 1500 ವ್ಯಾಟಿನದು? ಅಂಥ ನಾಲ್ಕನ್ನು ಒಟ್ಟಿಗೆ ಹಾಕಿದ ಹಾಗೆ. ಅದೂ ನೀರಿಲ್ಲದೆ. ಬೆಟ್ಟದ ದಾರಿಯಲ್ಲಿ ಜಾತ್ರೆ ದಿನ ಹತ್ತು ನಿಮಿಷ ಹಾಗೆ ನಿಂತವರ ಗಾಡಿಯಿಂದ ಸುಟ್ಟ ವಾಸನೆ ಯಾಕೆ ಬರುತ್ತದೆ ಗೊತ್ತಾಯಿತಲ್ವಾ. ಹ್ಯಾಂಡ್ ಬ್ರೇಕ್ ಹಾಕಿ, ನ್ಯೂಟ್ರಲ್ ಮಾಡಿ, ಕಾಲು ತೆಗೆಯಿರಿ.

ಒಂದು ವಾರ ಕಳೆದ ಮೇಲೆ ಗಾಡಿ ನಿಲ್ಲಿಸುವ ಜಾಗದಲ್ಲಿ ರಾತ್ರಿ ಒಂದು ಹಳೇ ಪೇಪರ್ ಹಾಸಿ, ಬೆಳಗ್ಗೆ ಬಗ್ಗಿ ನೋಡಿ. ಎಂಜಿನ್ನೂ ಗೇರ್ ಬಾಕ್ಸೂ ಸೇರುವ ಕಡೆಯಿಂದ ಹನಿ ಬಿದ್ದಿದ್ದರೆ ಕಾಯದೆ ವಾಪಸ್ ಒಯ್ಯಿರಿ. ಹಳೇ ಪ್ಲೇಟನ್ನು ಮಾತ್ರ ಅಲ್ಲೇ ಬಿಟ್ಟು ಬರಬೇಡಿ, ಕೇಳಿ ಮನೆಗೆ ತನ್ನಿ. ಎರಡೂ ಮುಖದ ಫೋಟೊ ತೆಗೆದು ನನಗೆ ಕಳಿಸಿ. ಫ್ಲೈವೀಲ್ ಕಡೆಯ ಮುಖ ಜಾಸ್ತಿ ಸವೆದಿದೆಯಾ, ಗೇರ್ ಬಾಕ್ಸ್ ಕಡೆಯದಾ, ಅಂಚು ಜಿಡ್ಡಾಗಿದೆಯಾ ಎಂದು ನೋಡಿದರೆ ರೀಮ್ಯಾಪ್ ಇಟ್ಟುಕೊಳ್ಳಬೇಕೋ ಬೇಡವೋ ಎಂದು ಆಗ ಹೇಳುತ್ತೇನೆ.